ವಿನ್ಸೆಂಟನ ಒರಿಜಿನಲ್ ಡ್ರೆಸ್

ಹೆಸರು ಇದ್ದಷ್ಟೇ ಕಾಲು ಚಾಚು ಎಂದು ಹಿರಿಯರು ಹೇಳಿಲ್ಲ. ಅವರು ಹೇಳಿದ್ದು ಹಾಸಿಗೆಯ ಬಗ್ಗೆ. ಆದರೆ ನಮ್ಮ ಕಾಲೇಜಿನಲ್ಲಿ ಹಾಸಿಗೆ ಕೊಡುವವರಿಲ್ಲ, ಹೆಸರು ಕೊಡುವವರಿಗೆ ಬರವಿಲ್ಲ. ಇದು ಖರೇ ಕತೆ. ಕೇಳಿ.

ಕಾಡಿನ ಜನರನ್ನು ಏನೆಂದು ಕರೆಯಬೇಕು ಎಂಬುದರ ಮೇಲೆ ವಿಚಾರ ಸಂಕಿರಣ ಇಟ್ಟುಕೊಂಡಿದ್ದೆವು. ಪ್ರಿನ್ಸಿಪಾಲ್ ಶಿವಯೋಗೀಶ ಸರ್ ‘ಬುಡಕಟ್ಟು’ ಪಕ್ಷ. ಇತಿಹಾಸದ ದಾಕ್ಷಾಯಿಣಿ ಮೇಡಂ ‘ಆದಿವಾಸಿ’ ಪಕ್ಷ. ನಡುವೆ ಯಾರೋ ‘ಗಿರಿಜನ’ ಎಂದದ್ದಕ್ಕೆ ಮೇಡಂ, “ನೃಪತುಂಗ ಬೆಟ್ಟ ಬಿಟ್ರ ನಮಗ ಗಿರಿ ಎಲ್ಲೈತ್ರಿ? ಅಲ್ಲಿ ಮುಂಜಾನಿ ವಾಕಿಂಗ್ ಹೋಗೋ ಪೆನ್ಶನ್ ಮಂದೀನ ಗಿರಿಜನ ಅನ್ನೂಣೇನು?” ಎಂದರು. ಹೆಸರು ತೀರ್ಮಾನವಾಗದೆ ಬ್ಯಾನರಿನಲ್ಲಿ ಆ ಜಾಗ ಖಾಲಿ ಉಳಿಯಿತು.

ಅದೇ ಸ್ಟಾಫ್ ರೂಮಿನ ಮೂಲೆಯಲ್ಲಿ ವಿನ್ಸೆಂಟ್ ಸಿದ್ದಿ ಅಕೌಂಟನ್ಸಿ ಪೇಪರು ತಿದ್ದುತ್ತಿದ್ದ. ಹಳಿಯಾಳ ಕಡೆಯವನು. ಪೂರ್ವಜರು ಆಫ್ರಿಕಾದಿಂದ ಹಡಗಿನಲ್ಲಿ ಬಂದವರು, ಆಮೇಲೆ ಕಾಡು ಸೇರಿದವರು. “ಹಡಗಿನ್ಯಾಗ ಬಂದವರಿಗೆ ಆದಿ ಎಲ್ಲೀದ್ರಿ?” ಎಂದು ಪ್ರಿನ್ಸಿಪಾಲರು ಅವನ ತಲೆಯ ಮೇಲಿಂದಲೇ ಮೇಡಂರನ್ನು ಕೇಳುತ್ತಿದ್ದರು. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನು ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ತಿಥಿ ನೋಡದೆ ಬರುವವನಂತೆ. ಅತಿಥಿ ಉಪನ್ಯಾಸಕನಿಗೆ ಮಾತ್ರ ವರ್ಷಕ್ಕೊಂದು ತಿಥಿ ತಪ್ಪುವುದಿಲ್ಲ. ಈ ವರ್ಷದ ಅವನ ನೇಮಕದ ಆರ್ಡರ್ ಪ್ರಿನ್ಸಿಪಾಲರ ಸಹಿಗೆ ಕಾಯುತ್ತಿತ್ತು. ಸಹಿ ಬೀಳದಿದ್ದರೆ ನವನಗರದ ಬಾಡಿಗೆ ಮನೆ ಬಿಟ್ಟು, ಏಳು ತಿಂಗಳ ಬಸುರಿ ಹೆಂಡತಿ ಏಂಜೆಲಿನಾಳನ್ನು ಕರೆದುಕೊಂಡು ಊರಿಗೆ ನಡೆಯಬೇಕು.

ಇದು ನಮ್ಮ ಶ್ರೀರಂಗನಿಗೂ ಗೊತ್ತಿತ್ತು. ಶ್ರೀರಂಗ ಇಂಗ್ಲಿಷ್ ಕಲಿಸುತ್ತಾನೆ. ಬೇರೆಯವರ ದನಿ ಕದಿಯುವುದು ಅವನ ನಿಜವಾದ ಕಸುಬು. ಸಂಕಿರಣದ ಹಿಂದಿನ ದಿನ, ಪ್ರಿನ್ಸಿಪಾಲರು ಮನೆಗೆ ಹೋದ ಮೇಲೆ, ಅವರ ಕೋಣೆಯ ಫೋನೆತ್ತಿ, ನಮಗೂ ಕೇಳಲೆಂದು ಸ್ಪೀಕರ್ ಒತ್ತಿ, ಅವರಂತೆಯೇ ಗಂಟಲು ಕೆರೆದುಕೊಂಡ.

“ಅಲ್ಲೇನ್ರಿಪಾ ವಿನ್ಸೆಂಟ್, ನಾಳೆ ನಿಮ್ಮ ಮಂದಿ ಡ್ರೆಸ್‌ನ್ಯಾಗ ಬರ್ರಿ.”

“ನಮ್ಮ ಮಂದಿ ಡ್ರೆಸ್ ಅಂದ್ರ ಪ್ಯಾಂಟು ಅಂಗೀನ ರೀ ಸರ್. ನಮ್ಮಪ್ಪನೂ ಚರ್ಚಿಗೆ ಅದನ್ನ ಹಾಕ್ಕೊಂಡು ಹೋಗ್ತಾನ.”

“ಹಂಗಲ್ರಿ, ಒರಿಜಿನಲ್. ನಿಮ್ಮ ಆರ್ಡರ್ ನನ್ನ ಟೇಬಲ್ ಮ್ಯಾಲೇ ಐತಿ, ನೋಡಾಕತ್ತೇನಿ.”

“ಆತ್ರಿ ಸರ್.” ನಾವು ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದೆವು.

ಒರಿಜಿನಲ್ ಸಿಕ್ಕಿದ್ದು ದುರ್ಗದಬೈಲಿನಲ್ಲಿ, ಶಾಲೆಗಳ ಗ್ಯಾದರಿಂಗಿಗೆ ವೇಷ ಬಾಡಿಗೆ ಕೊಡುವ ಯಾಕೂಬಸಾಬನ ಅಂಗಡಿಯಲ್ಲಿ. ಆತನೇ ಆಮೇಲೆ ಹೇಳಿದ. ಹುಡುಗರಿಗೇನ್ರಿ ಎಂದು ಕೇಳಿದನಂತೆ. ನನಗ ಎಂದನಂತೆ ವಿನ್ಸೆಂಟ್. ಯಾಕೂಬಸಾಬ ಅವನನ್ನು ಮೇಲಿಂದ ಕೆಳಗೆ ನೋಡಿ, “ಹಂಗಾರ ಕರೀ ಬಣ್ಣದ ಡಬ್ಬಿ ಬ್ಯಾಡ ಬಿಡ್ರಿ” ಎಂದನಂತೆ.

ಮರುದಿನ ವಿನ್ಸೆಂಟ್ ಸಭಾಂಗಣಕ್ಕೆ ಬಂದ. ತಲೆಗೆ ಕೋಳಿಪುಕ್ಕದ ಕಿರೀಟ, ಸೊಂಟಕ್ಕೆ ಹಸಿರು ಪ್ಲಾಸ್ಟಿಕ್ ಎಲೆಗಳ ಲಂಗ, ಕೈಯಲ್ಲಿ ರಟ್ಟಿನ ಭರ್ಜಿ. ಕನ್ನಡಕ ಮಾತ್ರ ಅವನದೇ. ಈಗ ನಗೆ ಸಿಡಿಯುತ್ತದೆಂದು ನಾವು ಕಾದೆವು. ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಎದ್ದು ಕೈಮುಗಿದರು.

“ನೋಡ್ರಿ, ಇದು ಸಂಸ್ಕೃತಿ. ಇವರನ್ನ ಬುಡಕಟ್ಟು ಅನ್ನದ ಮತ್ತೇನಂತೀರಿ?”

“ಆದಿವಾಸಿ ಅಂತೀವ್ರಿ,” ಎಂದರು ಮೇಡಂ.

ಅವನನ್ನು ವೇದಿಕೆಯ ನಡುವೆ ನಿಲ್ಲಿಸಿಕೊಂಡು ಇಬ್ಬರೂ ವಾದಿಸಿದರು. ಮೇಡಂ ಕಿರೀಟ ಮುಟ್ಟಿ, “ಇದಕ್ಕ ನಿಮ್ಮ ಭಾಷಾದಾಗ ಏನಂತಾರ್ರಿ?” ಎಂದರು.

“ಗೊತ್ತಿಲ್ರಿ ಮೇಡಂ.”

“ಪಾಪ, ಮರ್ತಾರ.” ಸಭೆ ಲೊಚಗುಟ್ಟಿತು.

ಲಂಗ ಎಂಟನೆಯ ಇಯತ್ತೆಯ ಹುಡುಗರ ಅಳತೆಯದು, ಅವನ ಸೊಂಟಕ್ಕೆ ಕೊಕ್ಕೆ ಕೂಡಿರಲಿಲ್ಲ. ಅದು ಜಾರತೊಡಗಿದಾಗ ಅವನು ಒಂದು ಕೈಯಲ್ಲಿ ಹಿಡಿದುಕೊಂಡ. ಸೊಂಟದ ಪಟ್ಟಿ ಮಗುಚಿತು. ಅದರ ಮೇಲಿದ್ದ ಅಕ್ಷರಗಳನ್ನು ಮೇಡಂ ಮೈಕಿನಲ್ಲೇ ಓದಿಬಿಟ್ಟರು: “ಯಾಕೂಬ ಡ್ರಾಮಾ ಡ್ರೆಸ್, ದುರ್ಗದಬೈಲ್. ಕಾಡಮಂದಿ, ನಡು ಸೈಜು.”

“ಏನ್ರಿ ಇದು?” ಎಂದರು ಪ್ರಿನ್ಸಿಪಾಲರು. “ಯಾರು ಹೇಳಿದ್ರು ನಿಮಗ ಇದನ್ನ ಹಾಕ್ಕೊಂಡು ಬರಾಕ?”

“ನೀವ ರೀ ಸರ್. ನಿನ್ನೆ ಫೋನಿನ್ಯಾಗ.”

ಹಿಂದಿನ ಸಾಲಿನಿಂದ ಪ್ರಿನ್ಸಿಪಾಲರದೇ ದನಿ ಎದ್ದು ಬಂತು: “ಅಲ್ಲೇನ್ರಿಪಾ, ಒರಿಜಿನಲ್!”

ಸಭೆ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಮುಂದಿನ ಸಾಲಿನಲ್ಲಿದ್ದ ಆಡಳಿತ ಮಂಡಳಿಯ ಚೇರ್ಮನ್ನರು ಹೊಟ್ಟೆ ಹಿಡಿದುಕೊಂಡದ್ದನ್ನು ಕಂಡು ಅವರೂ ನಕ್ಕರು. ಆಮೇಲೆ ವಿನ್ಸೆಂಟನ ಕಡೆ ತಿರುಗಿದರು.

“ಯಾಕ್ರಿ, ಸಿಟ್ಟು ಬಂತೇನು? ಸಿಟ್ಟಿನ ಮಂದಿ ಜೋಡಿ ಸಂಸ್ಥಾ ನಡಸೂದು ಕಷ್ಟ ನೋಡ್ರಿ.” ಜವಾನನಿಗೆ ಸನ್ನೆ ಮಾಡಿದರು. “ಇವರ ಆರ್ಡರ್ ತೊಗೊಂಡು ಬಾ. ಸಹಿ ಹಾಕೂದೋ ಬಿಡೂದೋ, ಚೇರ್ಮನ್ ಸಾಹೇಬ್ರ ಮುಂದ ನಿಕಾಲಿ ಮಾಡೂಣು.”

ವಿನ್ಸೆಂಟ್ ಆ ಕಾಗದ ಬರುವುದನ್ನು ನೋಡಿದ. ಭರ್ಜಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಲಂಗ ಹಿಡಿದುಕೊಂಡ. ನಂತರ ನಕ್ಕ. ಮೊದಲು ಸಣ್ಣಗೆ, ಆಮೇಲೆ ಕಿರೀಟದ ಪುಕ್ಕ ಉದುರುವಷ್ಟು, ಮೈಕಿಲ್ಲದೆಯೇ ಕೊನೆಯ ಸಾಲಿಗೆ ಮುಟ್ಟುವಷ್ಟು. ನಮ್ಮ ನಗೆ ನಿಂತಿತು. ಶ್ರೀರಂಗನದೂ ನಿಂತಿತು. ಪ್ರಿನ್ಸಿಪಾಲರು ಜೇಬು ತಡಕಿ, ಪೆನ್ನು ಸಿಗದೆ ಚೇರ್ಮನ್ನರದನ್ನು ಕೇಳಿ ಪಡೆದು, ಅದರ ಕ್ಯಾಪ್ ತೆಗೆಯುವವರೆಗೂ ಅವನು ಅವರ ಕೈಯನ್ನೇ ನೋಡುತ್ತ ನಗುತ್ತಲೇ ಇದ್ದ.