ಐದನೇ ಹೆಸರು

ದಪ್, ದಪ್, ದಪ್ — ಚೆಂಡಿನ ಸದ್ದೋ, ಒಳಗೆ ವಿರೂಪಮ್ಮಕ್ಕ ರೊಟ್ಟಿ ಬಡಿಯುವ ಸದ್ದೋ, ಎರಡೂ ಒಂದೇ ತಾಳಕ್ಕೆ ಬಿದ್ದಿದ್ದವು, ಈಗ ರೊಟ್ಟಿಯದು ನಿಂತಿತು, ಅಂದರೆ ಅಡುಗೆಯವಳೂ ಬಂದಳು, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು, ಸರಿಯಲೇ ಜ್ಯೋತಿ, ಸೀಟೆಲ್ಲ ನೀನಾ ಹಿಡಕೊಂಡೀ — ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಳ್ಳಾರಿಯ ಬಿಸಿಲು ಕಲ್ಲಿಗೆ ಇಳಿದಿದೆ, ಕುಂಡೆ ಸುಡುತ್ತದೆ, ಆದರೂ ಯಾರೂ ಏಳುವುದಿಲ್ಲ, ಗುರುವಾರ ಸಿರುಗುಪ್ಪದಲ್ಲಿ ಬಾಸ್ಕೆಟ್‌ಬಾಲಿನ ಮೊದಲ ಪಂದ್ಯ, ಇವತ್ತು ಆಟದ ಮೇಡಂ ಅಂಗಳಕ್ಕಿಳಿಯುವ ಐದು ಹೆಸರು ಬರೆಯುತ್ತಾರೆ, ನಮ್ಮ ನಮ್ಮ ಊಹೆಯ ಐದನ್ನು ನಾವು ಆಗಲೇ ಬರೆದಾಗಿದೆ, ಮೆಸ್ಸಿನ ಹಿಂದಿನ ಗೋಡೆಯ ಮೇಲೆ ಇದ್ದಿಲಲ್ಲಿ, ಪ್ರತಿ ವರ್ಷದ ಹಾಗೆ, ಯಾರ ಐದು ಮೇಡಂ ಬರೆದ ಐದಕ್ಕೆ ಹೊಂದುವುದಿಲ್ಲವೋ ಅವರು ಹೊಂದಿದವರ ಕೌದಿ ತೊಳೆಯಬೇಕು, ಊರಿಂದ ತಂದ, ಹಳೆ ಸೀರೆ ಹೊಲಿದ ಐದು ಪದರದ ಕೌದಿ, ನೀರು ಕುಡಿದರೆ ಎಮ್ಮೆಯ ತೂಕ. ಮೊದಲ ನಾಲ್ಕು ಹೆಸರಿಗೆ ಜಗಳವಿಲ್ಲ, ಎಲ್ಲರ ಸಾಲಿನಲ್ಲೂ ಅವೇ, ಜಗಳವೆಲ್ಲ ಐದನೆಯದಕ್ಕೆ, ಸಿರುಗುಪ್ಪದ ಮೀನಾಕ್ಷಿಯೋ ಕುರುಗೋಡಿನ ಮಂಜಮ್ಮನೋ — ಮಂಜಮ್ಮನ್ನ ಬರಿ ಅಂದರೆ ಕೇಳಲಿಲ್ಲ ನೀನು, ಎನ್ನುತ್ತಾಳೆ ವಿರೂಪಮ್ಮಕ್ಕ ಆ ಕಡೆ ಕೂತ ಗಂಗೋತ್ರಿಗೆ, ಮೀನಾಕ್ಷಿ ತಟ್ಟ್ಯಾಗ ಅನ್ನ ಬಿಡತಾಳವಾ, ಭತ್ತ ಬೆಳಿಯೂ ಸಿರುಗುಪ್ಪದಾಕಿ ಆಗಿ ಅನ್ನ ಬಿಡಾಕಿ, ಆಕಿ ಏನ್ ಓಡ್ಯಾಳು? ಗಂಗೋತ್ರಿ ಹಾಸ್ಟೆಲ್ಲಿನವಳಲ್ಲ, ಪಾರ್ವತಿನಗರದ ಮನೆಯಿಂದ ಸ್ಕೂಟಿ ಮೇಲೆ ಬರೇ ವಾದ ಮಾಡಲು ಬರುತ್ತಾಳೆ, ಅಕ್ಕಾ, ಇದು ಊಟದ ಪಂದ್ಯ ಅಲ್ಲ, ಬಾಲ್ ಹಾಕೂ ಪಂದ್ಯ, ಮೀನಾಕ್ಷಿ ಎತ್ತರ ಚೂಡಂಡಿ, ನೋಡ್ರಿ, ಕೈ ಎತ್ತಿದರ ಫ್ಯಾನಿಗೆ ತಾಗತಾವು — ಫ್ಯಾನ್ ಒರಸಾಕ ಇಟಗೊಳ್ಳೂಣು ಹಂಗಾರ, ಟೀಮಿಗೆ ಮಂಜಿ ಇರಲಿ — ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಆದರೆ ತೊಡೆಯ ಮೇಲೆ, ಅಂಗೈ ಅಡಿ, ನನ್ನ ಲೆಕ್ಕದ ನೋಟ್‌ಬುಕ್ಕಿದೆ.

ನೋಟ್‌ಬುಕ್ಕು ನನ್ನದೇ ಹುಚ್ಚು, ಹಾಸ್ಟೆಲ್ ಲೈಬ್ರರಿಯಲ್ಲಿ ಕಾದಂಬರಿಗಳೆಲ್ಲ ಮುಗಿದ ಮೇಲೆ ಉಳಿದದ್ದು ಆಟದ ನಿಯಮದ ಪುಸ್ತಕ, ಮೊದಲ ಪುಟ ಹರಿದದ್ದು, ಅದನ್ನೂ ಓದಿದೆ, ಓದಿದ ಮೇಲೆ ಬಾಯಿಮಾತಿನ ವಾದ ಸಾಕೆನ್ನಿಸಿತು, ಲೆಕ್ಕ ಬರೆಯಲು ಕೂತೆ, ನಲವತ್ತು ದಿನ, ದಿನಕ್ಕೆ ಇಬ್ಬರದೂ ಹತ್ತು ಹತ್ತು ಎಸೆತ, ಮಂಜಮ್ಮ ನೂರಕ್ಕೆ ಎಪ್ಪತ್ತು, ಮೀನಾಕ್ಷಿ ಐವತ್ತೈದು, ಎಪ್ಪತ್ತು! — ನಾನು ಮಂಜಮ್ಮನ ರೂಮ್‌ಮೇಟ್, ಆದರೆ ರೂಮ್‌ಮೇಟ್ ಅಂತ ಒಂದು ಗೀಟೂ ಹೆಚ್ಚು ಎಳೆದಿಲ್ಲ, ಎಳೆಯುವುದು ಬೇಕಾಗಲೂ ಇಲ್ಲ, ಮೊನ್ನೆ ಲೆಕ್ಕ ಕೂಡಿಸಿ ಅವಳಿಗೆ ಹೇಳಿದೆ, ಲೇ ಮಂಜಿ ನೀನಾ ಐದನೇದಾಕಿ, ಬರದಿಟಗೋ — ಅವಳು ಕೂಡಲೇ ಫೋನು ಎತ್ತಿ ಕುರುಗೋಡಿಗೆ ಹಚ್ಚಿದಳು, ಯವ್ವಾ, ಗುರುವಾರ ಸಿರುಗುಪ್ಪಕ್ಕ ಬಾ, ಈ ಸಲ ಬೆಂಚಿನ ಮ್ಯಾಲೆ ಅಲ್ಲ, ಆಡತೀನಿ — ಎರಡು ವರ್ಷ ಅವಳು ಆಡಿದ್ದಿಲ್ಲ, ಬಾಟಲಿ ಹಿಡಿದಿದ್ದಾಳೆ, ಟವೆಲ್ಲು ಹಿಡಿದಿದ್ದಾಳೆ, ಇದು ಕೊನೆಯ ವರ್ಷ, ಅವಳವ್ವ ಚನ್ನವೀರಮ್ಮ ಫೋನಿನಲ್ಲೇ ಯಾವ ಸೀರೆ ಉಡಲಿ ಅಂತ ಕೇಳಿದರು, ನನಗೆ ಕೇಳಿಸಿತು, ನಾನೇ ಹಸಿರು ಅಂತ ಕೂಗಿದೆ. ಇವತ್ತು ಆರಕ್ಕೆ ಎದ್ದು ಒಣಗಿದ ಕೌದಿ ತೆಗೆಯಲು ಬಂದೆನಲ್ಲ, ಬರಬಾರದಿತ್ತು, ಪ್ರಾಕ್ಟೀಸ್ ಪಂದ್ಯದ ಪಣ ಸೋತವರು ನಿನ್ನೆ ತೊಳೆದದ್ದನ್ನು ಒಣಗಿಸುವುದು ಎಲ್ಲಿ, ಇಲ್ಲೇ, ಹಾಸ್ಟೆಲ್ ಕಡೆಯ ರಿಂಗಿನ ಮುಂದುಗಡೆಗೆ ಹಗ್ಗ, ಇನ್ನೊಂದು ತುದಿ ಬೇವಿನ ಮರಕ್ಕೆ, ಎತ್ತರಕ್ಕೆ ಕಟ್ಟಿದರೆ ಕೌದಿ ನೆಲಕ್ಕೆ ತಾಗುವುದಿಲ್ಲ, ಕೆಂಪು ಧೂಳು ಹತ್ತುವುದಿಲ್ಲ, ಬೆಂಚು ಹತ್ತಿ ಕಟ್ಟುವವಳೂ ಮೀನಾಕ್ಷಿಯೇ, ಎತ್ತರದವಳು ಅಂತ — ಕೊನೆಯ ಕೌದಿ ಎಳೆದಾಗ ಹಗ್ಗ ಸಡಿಲಾಯಿತು, ಕತ್ತೆತ್ತಿದೆ, ಹಿಂದಿನ ಬೋರ್ಡಿನ ಗೆರೆ ನೆಟ್ಟಗಿದೆ, ರಿಂಗು ನೆಟ್ಟಗಿಲ್ಲ, ಮುಂದಿನ ಅಂಚು ಎರಡು ಬೆರಳು ಕೆಳಕ್ಕೆ ಜೋತುಬಿದ್ದಿದೆ, ಯಾರಿಗೋ ಬಾಯಿ ತೆರೆದು ತುತ್ತು ಕೇಳುವ ಹಾಗೆ. ಅಂದರೆ ತಗ್ಗಾಗಿ ಎಸೆದ ಚೆಂಡೂ ಒಳಗೆ. ಮಂಜಮ್ಮ ಎಸೆಯುವುದೇ ತಗ್ಗಾಗಿ, ಗಿಡ್ಡದವಳು, ಎದೆಯಿಂದ ನೇರ ತಳ್ಳುತ್ತಾಳೆ, ಮೀನಾಕ್ಷಿಯದು ಮೇಲೆ ಹೋಗಿ ಇಳಿಯುವ ಚೆಂಡು, ಅದಕ್ಕೆ ಈ ಬಾಗು ಇದ್ದರೂ ಅಷ್ಟೆ ಇಲ್ಲದಿದ್ದರೂ ಅಷ್ಟೆ, ಇನ್ನು ಆಚೆ ಕಡೆಯ ರಿಂಗಿಗೆ ಯಾರೂ ಎಸೆಯುವುದೇ ಇಲ್ಲ, ಅದರ ಹಿಂದೆ ಜಾಲಿ ಪೊದೆ, ಹೋದ ವರ್ಷ ಎರಡು ಚೆಂಡು ತೂತಾದವು, ನಲವತ್ತು ದಿನದ ನನ್ನ ಲೆಕ್ಕವೆಲ್ಲ ಈ ಸೊಟ್ಟ ಬಾಯಿಯ ಲೆಕ್ಕ — ಟೀಮನ್ನು ಅಷ್ಟು ಪ್ರೀತಿಸುವ ನಾವೇ, ಪಣ ಕಟ್ಟಿ ಕಟ್ಟಿ, ಒದ್ದೆ ಕೌದಿ ಹಾಕಿ ಹಾಕಿ, ಟೀಮಿನ ರಿಂಗು ಬಗ್ಗಿಸಿದ್ದೇವೆ, ಇದನ್ನು ಬೇರೆ ಕಾಲೇಜಿನವರು ಕೇಳಿದರೆ ಬಸ್ಸು ಮಾಡಿಕೊಂಡು ಬಂದು ನಗುತ್ತಾರೆ.

ಹೇಳಬೇಕೋ ಬೇಡವೋ, ಎರಡು ತಾಸಿನಿಂದ ಇದೇ, ಹೇಳದಿದ್ದರೆ ಏನಾಗುತ್ತದೆ, ಮಂಜಮ್ಮ ಐದರಲ್ಲಿ ಬರುತ್ತಾಳೆ, ನನ್ನ ಕೌದಿಯನ್ನು ಗಂಗೋತ್ರಿ ತೊಳೆಯುತ್ತಾಳೆ, ಸಿರುಗುಪ್ಪದಲ್ಲಿ ರಿಂಗು ನೆಟ್ಟಗಿರುತ್ತದೆ, ಹಸಿರು ಸೀರೆಯ ಮುಂದೆ ಒಂದಾದ ಮೇಲೊಂದು ಚೆಂಡು ಅಂಚಿಗೆ ಬಡಿದು ಹೊರಗೆ — ಜ್ಯೋತಿ, ನಿನ್ನ ಬುಕ್ ಕೊಡು, ವೀರಭದ್ರಮ್ಮ ಮೇಡಂ ಬಂದೇಬಿಟ್ಟರು, ಕುತ್ತಿಗೆಯಲ್ಲಿ ಸೀಟಿ, ಕಂಕುಳಲ್ಲಿ ರಿಜಿಸ್ಟರು, ನಾಕು ನಂಗ ಗೊತ್ತೈತಿ, ಐದನೇದು ನಿನ್ನ ಲೆಕ್ಕ ನೋಡಿ ಬರೀತೀನಿ — ಕೈ ಚಾಚಿದ್ದಾರೆ, ಮಂಜಮ್ಮ ಅಂಗಳದ ನಡುವೆ ಚೆಂಡು ಕುಟ್ಟುವುದನ್ನು ನಿಲ್ಲಿಸಿ ನನ್ನನ್ನೇ ನೋಡಿ ಹಲ್ಲು ಕಿರಿಯುತ್ತಾಳೆ, ನಾನು ಬುಕ್ಕು ಕೊಡುವುದಿಲ್ಲ, ಬಾಯಿ ತಾನೇ ತೆರೆಯಿತು, ಮೇಡಂ, ಲೆಕ್ಕ ಸುಳ್ಳೈತ್ರಿ, ರಿಂಗ್ ಸೊಟ್ಟ ಐತಿ, ಕೌದಿ ಹಾಕಿ ಹಾಕಿ ಬಾಗೇತ್ರಿ. ಮೇಡಂ ರಿಂಗಿನ ಕೆಳಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು, ಎರಡು ಕಣ್ಣೂ ಮುಚ್ಚಿದರು, ಅಯ್ಯ ನಿಮ್ಮ ಕೌದಿಗೆ ಬೆಂಕಿ ಹಚ್ಚ, ಕಾಲೇಜು ಹಾಕಿಸಿದ್ದು ರಿಂಗೋ ದೋಬಿ ಘಾಟೋ — ಬರ್ರಿ ಎಲ್ಲಾರೂ ಆ ಕಡೆ ರಿಂಗಿಗೆ, ಹತ್ತು ಹತ್ತು ಹಾಕ್ರಿ ಇಬ್ರೂ. ವಿರೂಪಮ್ಮಕ್ಕ ನನ್ನ ತೋಳು ಚಿವುಟಿದಳು, ಹಿಟ್ಟು ಅಂಟಿತು, ಬಾಯಿ ಬಿಡಲಿಲ್ಲಂದ್ರ ಸಾಯ್ತಿದ್ದೇನಲೇ? ಮಂಜಮ್ಮ ನನ್ನ ಪಕ್ಕದಿಂದಲೇ ದಾಟಿದಳು, ಚೆಂಡು ಕುಟ್ಟುತ್ತಲೇ, ಬೈದಿದ್ದರೆ ಚೆನ್ನಾಗಿತ್ತು.

ಮೀನಾಕ್ಷಿ ಮೊದಲು, ಎಂದಿನಂತೆ ಅವಸರವಿಲ್ಲ, ಮೇಲೆ ಹೋಗಿ ಇಳಿಯುವ ಚೆಂಡು, ಹತ್ತಕ್ಕೆ ಆರು, ಗಂಗೋತ್ರಿಯ ಶಿಳ್ಳೆಗೆ ಜಾಲಿಯೊಳಗಿನ ಹಕ್ಕಿಗಳು ಎದ್ದವು. ಈಗ ಮಂಜಮ್ಮ. ಒಂದು, ಅಂಚಿಗೆ ಟಣ್, ಎರಡು, ಟಣ್, ಅದೇ ಜಾಗ, ಮೂರು, ನಾಲ್ಕು, ಎಲ್ಲ ಮುಂದಿನ ಅಂಚಿಗೇ, ಹಾಕಲೇ ಮಂಜಿ, ರೊಟ್ಟಿ ತಿಂದದ್ದು ಎಲ್ಲಿ ಹೋತು, ವಿರೂಪಮ್ಮಕ್ಕ ಕೂಗುತ್ತಾಳೆ — ಐದನೆಯದಕ್ಕೆ ಅವಳು ಚೆಂಡನ್ನು ಎದೆಯ ಹತ್ತಿರ ಹಿಡಿದು ಸುಮ್ಮನೆ ನಿಂತಳು, ರಿಂಗನ್ನು ಮೊದಲ ಸಲ ನೋಡುತ್ತಿರುವವಳ ಹಾಗೆ ನೋಡಿದಳು, ಹಣೆಯ ಮೇಲಿಂದ ಎಸೆದಳು, ಎಸೆದ ಕೈ ಮೇಲೆಯೇ ಉಳಿಯಿತು, ಮಣಿಕಟ್ಟು ಮುಂದಕ್ಕೆ ಬಾಗಿ, ಬೆರಳು ಕೆಳಗೆ, ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಯ ಕತ್ತು, ಚೆಂಡು ಒಳಗೆ. ಆರು, ಕೈ ಮೇಲೆ, ಒಳಗೆ. ಏಳು. ಎಂಟು. ಎರಡು ವರ್ಷ ರೂಢಿಯಾದದ್ದನ್ನು ನಾಲ್ಕು ಎಸೆತದಲ್ಲಿ ತಿದ್ದಿಕೊಂಡಳಲ್ಲ, ಇದಕ್ಕೆ ನನ್ನ ಬುಕ್ಕಿನಲ್ಲಿ ಕಾಲಮ್ಮಿಲ್ಲ. ಒಂಬತ್ತನೆಯದೂ ಒಳಗೆ, ಐದಾಯಿತು, ಇನ್ನೊಂದು ಬಿದ್ದರೆ ಸಮ, ಗಂಗೋತ್ರಿ ಕೂಡ ಉಗುರು ಕಚ್ಚುತ್ತಿದ್ದಾಳೆ — ಹತ್ತನೆಯದು ರಿಂಗಿನ ಮೇಲೆ ಕೂತು ಒಂದು ಸುತ್ತು ಹಾಕಿತು, ಯೋಚಿಸಿತು, ಹೊರಗೆ ಜಾರಿ ಜಾಲಿ ಪೊದೆಗೆ ಹೋಯಿತು.

ಮೇಡಂ ರಿಜಿಸ್ಟರಿನಲ್ಲಿ ಮೀನಾಕ್ಷಿ ಅಂತ ಬರೆದರು, ಅದರ ಕೆಳಗೆ, ಆರನೆಯದಾಗಿ, ಮಂಜಮ್ಮ, ಮೊದಲು ಇಳಿಯೂ ಸಬ್‌ಸ್ಟಿಟ್ಯೂಟ್ ನೀನಾ, ತಿಳೀತಿಲ್ಲ? ಗಂಗೋತ್ರಿ ಕುಣಿಯುತ್ತಿದ್ದಾಳೆ, ನನಗೂ ವಿರೂಪಮ್ಮಕ್ಕನಿಗೂ ಕೌದಿಯ ಲೆಕ್ಕ ಹೇಳುತ್ತಿದ್ದಾಳೆ, ಗೆದ್ದವರದು ಎಂಟು ಕೌದಿ, ನಾನು ಪೊದೆಗೆ ಕೈ ಹಾಕಿ ಮುಳ್ಳು ಚುಚ್ಚಿಸಿಕೊಂಡು ಚೆಂಡು ತಂದೆ, ತೂತಾಗಿಲ್ಲ, ಮಂಜಮ್ಮನ ಮುಂದೆ ನಿಂತೆ, ಲೇ ಮಂಜಿ — ಏನಲೇ — ಅವ್ವಗ ಏನ್ ಹೇಳ್ತಿ — ಏನ್ ಹೇಳೂದು, ಬಾ ಅಂದೀನಿ, ಬರತಾಳ, ಮೀನಾಕ್ಷಿಗೆ ಐದು ಫೌಲ್ ಮಾಡಿ ಹೊರಗ ಬರಾಕ ಎಷ್ಟೊತ್ತು ಬೇಕು, ಅರ್ಧ ಆಟ ಸಾಕು — ಏಯ್ ಕೇಳಸ್ತೈತಿ ನಂಗ, ಎಂದು ಮೀನಾಕ್ಷಿ ಆ ತುದಿಯಿಂದ ಕೂಗಿದಳು — ಕೇಳ್ಲಿ ಅಂತಾನ ಅಂದದ್ದು! ಮಂಜಮ್ಮ ನಕ್ಕಳು, ಪೂರ್ತಿ ನಗೆಯಲ್ಲ, ಮುಕ್ಕಾಲು, ಮೊನ್ನಾನ ಹೇಳಬೇಕಿತ್ತು ನೀನು, ಅಂದಳು — ಮೊನ್ನೆ ನಂಗೂ ಗೊತ್ತಿರಲಿಲ್ಲಲೇ — ಗೊತ್ತಿದ್ದರ ಹೇಳ್ತಿದ್ದಿ, ಅಷ್ಟ ಸಾಕು ಬಿಡು, ಬಾಲ್ ಕೊಡು ಇಲ್ಲಿ. ಕೊಟ್ಟೆ. ಎಲ್ಲರೂ ನಾಷ್ಟಾಕ್ಕೆ ಒಳಗೆ ಹೋಗುತ್ತಿದ್ದಾರೆ, ಬುಕ್ಕು ಮೆಟ್ಟಿಲ ಮೇಲೆಯೇ ಬಿದ್ದಿದೆ, ಗಾಳಿಗೆ ಪುಟ ತಿರುಗುತ್ತಿವೆ, ಬರೆಯಬೇಕಿಲ್ಲ, ಇದು ಲೆಕ್ಕಕ್ಕಿಲ್ಲ, ಅವಳು ಹಣೆಯ ಮೇಲಿಂದ ಎಸೆದಳು, ಚೆಂಡು ಬಿಸಿಲೊಳಗೆ ಹೋಯಿತು, ಎಲ್ಲಿ ಇಳಿಯಿತೋ ನಾನು ನೋಡಲಿಲ್ಲ, ನೋಡುತ್ತಿರುವುದು ಕೈ, ಮೇಲೆಯೇ ಇದೆ, ಮಣಿಕಟ್ಟು ಬಾಗಿ, ಬೆರಳು ಕೆಳಗೆ, ಇಳಿಸುತ್ತಿಲ್ಲ, ಆ ಕೈ.