ಆರುನೂರು ವ್ಯಾಟಿನ ಡಬ್ಬಿ

ಟೆನೆಸಿಯ ಬೆಟ್ಟದ ಬುಡದಲ್ಲಿ, ಲಾರಿಗಳು ಡೀಸೆಲ್‌ಗೆ ನಿಲ್ಲುವ ಕಡೆ, ನನ್ನದು ರೇಡಿಯೋ ರಿಪೇರಿ ಅಂಗಡಿ. ತಮ್ಮ ಆರ್ವಿಲ್ ಹದಿನೆಂಟು ಗಾಲಿಯ ಲಾರಿ ಓಡಿಸುತ್ತಿದ್ದ. ಡ್ರೈವರುಗಳೆಲ್ಲ ದಾರಿಯುದ್ದಕ್ಕೂ ಸಿ.ಬಿ. ರೇಡಿಯೋದಲ್ಲಿ ಹರಟುತ್ತಿದ್ದ ಎಪ್ಪತ್ತೇಳನೇ ಇಸವಿ ಅದು. ಆ ರೇಡಿಯೋಕ್ಕೆ ಕಾನೂನು ಕೊಟ್ಟ ಶಕ್ತಿ ನಾಲ್ಕೇ ವ್ಯಾಟ್. ನಾಲ್ಕಕ್ಕೆ ತೃಪ್ತಿಪಟ್ಟ ಗಂಡಸನ್ನು ನಾನಂತೂ ಕಾಣೆ.

ಆರ್ವಿಲ್ ಕದ್ದುಮುಚ್ಚಿ, ದನಿಯನ್ನು ದೂರ ತಲುಪಿಸುವ ಒಂದು ಬೂಸ್ಟರ್ ಡಬ್ಬಿ ಕೊಂಡು ತಂದ. ಮೇಲೆ ದಪ್ಪಕ್ಷರದಲ್ಲಿ ಆರುನೂರು ವ್ಯಾಟ್ ಎಂದಿತ್ತು. ನಾನು ಅಳೆದೆ. ಸೂಜಿ ಏದುಸಿರು ಬಿಡುತ್ತ ನೂರೆಂಬತ್ತಕ್ಕೆ ಬಂದು ನಿಂತಿತು.

"ನಿನ್ನ ಮೀಟರ್ ಕೆಟ್ಟಿದೆ ಕಣೇ ಅಕ್ಕ."

"ಮೀಟರ್ ಸರಿಯಾಗೇ ಇದೆ. ಡಬ್ಬಿ ಮೇಲೆ ಬರ್ದಿರೋದು ಪುಸ್ತಕದ ಬದನೆಕಾಯಿ. ಆಂಟೆನಾ ಸರಿಮಾಡಿಸ್ಕೋ, ಸಾಕು. ಎರಡರಷ್ಟು ಶಕ್ತಿ ಕೊಟ್ರೂ ಆ ಕಡೆಯವನಿಗೆ ಅಷ್ಟೇನೂ ಗೊತ್ತಾಗಲ್ಲ."

"ಹುಳಿಮಜ್ಜಿಗೆ ದಿನಾ ಆಡ್ಕೋತಾನೆ. ಡಬ್ಬೀಲಿ ಬಿಸ್ಕತ್ ಇಟ್ಕೊಂಡಿದೀಯೇನೋ ಅಂತಾನೆ."

ಹುಳಿಮಜ್ಜಿಗೆ ಎಂಬುದು ಇನ್ನೊಬ್ಬ ಡ್ರೈವರನ ರೇಡಿಯೋ ಹೆಸರು. ಅವನ ಬಾಯಿ ಮುಚ್ಚಿಸಲೆಂದೇ ಆರ್ವಿಲ್ ಪಕ್ಕದೂರಿನ ರೇಡಿಯೋ ಮೆಕ್ಯಾನಿಕ್ ಹಾರ್ಲನ್ ಬಳಿಗೆ ಹೋದ. ಹಾರ್ಲನ್ ಆ ಡಬ್ಬಿಯ ಹಿಂದೆ ಇನ್ನೂ ದೊಡ್ಡದೊಂದನ್ನು ಜೋಡಿಸಿದ. ದುಡ್ಡು ಬಂದರೆ ಆ ಮನುಷ್ಯ ಏನನ್ನಾದರೂ ಜೋಡಿಸುತ್ತಾನೆ.

ಹೊಸ ಡಬ್ಬಿ ಬಂದವರದು ಒಂದು ಚಾಳಿ. ಮೈಕಿನ ಗುಂಡಿ ಒತ್ತಿ, ಉಸಿರು ಮುಗಿಯುವತನಕ 'ಹಲೋ' ಎಂದು ಎಳೆಯುತ್ತ, ಮೀಟರಿನ ಸೂಜಿ ಮೇಲೇರುವುದನ್ನು ನೋಡುತ್ತ ಕೂರುವುದು. ಗುಂಡಿ ಒತ್ತಿರುವಷ್ಟು ಹೊತ್ತು ಅವರಿಗೆ ಯಾರ ಮಾತೂ ಕೇಳಿಸುವುದಿಲ್ಲ.

ಆ ಮಧ್ಯಾಹ್ನ ಅಂಗಡಿಯ ರೇಡಿಯೋ ಕಿವಿ ಹರಿಯುವಂತೆ ಕಿರುಚಿತು.

"ಅಕ್ಕಾ, ಆರುನೂರು. ಈ ಸಲ ನಿಜವಾದ ಆರುನೂರು. ಕೇಳ್ತಿರು. ಹಲೋ..."

ನನಗೆ ಸಂತೋಷವಾಗಲಿಲ್ಲ. ಬಾಗಿಲಿಗೆ ಬಂದು ನೋಡಿದೆ. ಬೆಟ್ಟದ ಮೇಲಿನ ತಿರುವಿನಲ್ಲಿ ಅವನ ಲಾರಿ ಇಳಿಯುತ್ತಿತ್ತು. ಹಿಂದಿನ ಗಾಲಿಗಳಿಂದ ಬಿಳಿ ಹೊಗೆ ಏಳುತ್ತಿತ್ತು. ಕನ್ನಡಿ ನೋಡಿದ್ದರೆ ಅವನಿಗೂ ಕಾಣುತ್ತಿತ್ತು. ಅವನ ಕಣ್ಣು ಸೂಜಿಯ ಮೇಲಿತ್ತು.

ಇಳಿಜಾರಿನ ನಡುವೆ ಬಲಕ್ಕೆ, ಬ್ರೇಕು ಸುಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿ ಸುರಿದ ದಾರಿಯಿದೆ. ಅದು ತಪ್ಪಿದರೆ ಮುಂದಿರುವುದು ಬಂಡೆಯ ತಿರುವು. ಓಡಿಹೋಗಿ ಮೈಕು ಹಿಡಿದೆ.

"ಆರ್ವಿಲ್, ಬ್ರೇಕ್ ಸುಡ್ತಿದೆ. ಬಲಗಡೆ ಜಲ್ಲಿಗೆ ನುಗ್ಗಿಸೋ."

ಗುಂಡಿ ಬಿಟ್ಟೆ. ಅವನದೇ ದನಿ. "...ಲೋ... ಎಲ್ಲಿದೀಯೋ ಹುಳಿಮಜ್ಜಿಗೆ? ಈಗ ಕೇಳಿಸ್ತಾ?"

ಉಸಿರಿಗಾಗಿ ಅವನು ಕ್ಷಣ ಗುಂಡಿ ಬಿಟ್ಟ. ಹೊಗೆ ಕಂಡ ಡ್ರೈವರುಗಳೆಲ್ಲ ಆಗಲೇ ಕಾದಿದ್ದವರಂತೆ ಒಟ್ಟಿಗೆ ಕೂಗಿದರು. ನಾನೂ ಕೂಗಿದೆ. ಅಷ್ಟೂ ದನಿಗಳು ಒಂದರ ಮೇಲೊಂದು ಬಿದ್ದು, ಕೇಳಿಸಿದ್ದು ಬರೀ ಕೀರಲು.

"ಹೊಟ್ಟೆ ಉರ್ಕೋಬೇಡ್ರೋ," ಎಂದು ನಕ್ಕು, ಮತ್ತೆ ಎಳೆಯತೊಡಗಿದ.

ಹಾರ್ಲನ್‌ನನ್ನು ಶಪಿಸಿದೆ. ದೇವರಿಗೆ ಮೊರೆಯಿಟ್ಟೆ. ಲಾರಿ ಜಲ್ಲಿ ದಾರಿಯ ಬಾಯಿ ದಾಟಿತು.

'ಹಲೋ' ಅರ್ಧಕ್ಕೆ ನಿಂತಿತು.

"ಅಕ್ಕಾ, ಬ್ರೇಕ್ ಹಿಡೀತಿಲ್ಲ."

"ಗೇರ್ ಇಳಿಸು. ಲಾರೀನ ಬೆಟ್ಟದ ಗೋಡೆಗೆ ಉಜ್ಜಿಸ್ಕೊಂಡು ಬಾ. ಮೊದಲು ಆ ಗುಂಡಿ ಬಿಡೋ."

"ಏನ್ ಮಾಡ್ಲಿ ಅಕ್ಕಾ? ಮಾತಾಡೇ. ಯಾಕೆ ಮಾತಾಡ್ತಿಲ್ಲ ನೀನು?"

ಬಂಡೆಯ ತಿರುವಿನವರೆಗೂ ಅವನು ಕೇಳುತ್ತಲೇ ಇದ್ದ. ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ.