ನಿಧಾನಕ್ಕೆ ಹಾಡುವ ಪೆಟ್ಟಿಗೆ

ಇಡೀ ಬೀದಿಗೆ ರೇಡಿಯೋ ಮಾಮ ಎಂದೇ ಪರಿಚಿತನಾದವನಿಗೆ ಅರವತ್ತು ದಾಟಿದ ಮೇಲೆ ಪ್ರೀತಿ ಹುಟ್ಟಿತು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಯಾಕೆಂದರೆ ಅವನಿಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ.

ಅವನ ರಿಪೇರಿ ಅಂಗಡಿ ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಷ್ಟು ವಿಶಾಲ! ಮರದ ರೇಡಿಯೋಗಳು, ಬಾಯಿ ತೆರೆದ ಟೇಪ್ ರೆಕಾರ್ಡರುಗಳು, ಟೇಪು ಸುತ್ತಲು ಸಿಕ್ಕಿಸಿದ ಪೆನ್ಸಿಲ್ ಸಮೇತ ಉಳಿದ ಕ್ಯಾಸೆಟ್ಟುಗಳು ಸೂರಿನವರೆಗೆ ಪೇರಿಕೊಂಡಿದ್ದವು. ಈಗ ಇವನ್ನೆಲ್ಲ ಹುಡುಕಿಕೊಂಡು ಬರುವವರು ಮನೆಯ ಮೂಲೆಗೆ ಅಲಂಕಾರಕ್ಕೆಂದು ಒಯ್ಯುತ್ತಾರೆ. "ಹಾಡದಿದ್ರೂ ಪರವಾಗಿಲ್ಲ, ನೋಡೋಕೆ ಚೆನ್ನಾಗಿದ್ರೆ ಸಾಕು" ಎಂದವರಿಗೂ ಮಾಮ ರಿಪೇರಿ ಮಾಡಿಯೇ ಕೊಡುತ್ತಿದ್ದ. ಕೆಟ್ಟ ಮಷೀನು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತು, ಅನ್ನ ಆರಿಸಿದ್ದೂ ಉಂಟು.

ಅವನ ಮನಸ್ಸು ಕದ್ದವಳು ಹಿಂದಿನ ಬೀದಿಯ ಕಂಡಕ್ಟರಮ್ಮ. ಆಕೆಯ ಗಂಡ ಬಸ್ ಡ್ರೈವರು, ಆಕೆ ಅದೇ ಬಸ್ಸಿನ ಕಂಡಕ್ಟರು. ಮುಂದೆ ಗಂಡ, ಹಿಂದೆ ಹೆಂಡತಿ, ನಡುವೆ ಊರೆಲ್ಲ. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಆಕೆಯೂ ಕೆಲಸದಿಂದ ನಿವೃತ್ತಳಾಗಿದ್ದಳು. ಆದರೂ ಬಾಗಿಲಲ್ಲಿ ನಿಂತು ಮಾತಾಡುವಾಗ, ಮನೆ ಇನ್ನೇನು ತಿರುವು ತೆಗೆದುಕೊಳ್ಳುತ್ತದೆ ಎಂಬಂತೆ ಚೌಕಟ್ಟಿಗೆ ಸೊಂಟ ಆನಿಸಿಯೇ ನಿಲ್ಲುತ್ತಿದ್ದಳು.

ಒಮ್ಮೆ ಆಕೆಯ ರೇಡಿಯೋ ಸರಿಮಾಡಿ ಮನೆಗೆ ಕೊಟ್ಟುಬರಲು ಹೋದ ಮಾಮ, ಆಮೇಲೆ ಪ್ರತಿ ಭಾನುವಾರ ಸಂಜೆ ಟೀಗೆ ಹೋಗತೊಡಗಿದ. ಟೀ ಆದ ಮೇಲೆ ಕಂಡಕ್ಟರಮ್ಮ ಹಳೆಯ ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದು ಒಂದು ಸಿನಿಮಾ ಹಾಡು ಹಾಕುತ್ತಿದ್ದಳು. ಮಾಮನಿಗೆ ಅದೊಂದು ಶಿಕ್ಷೆ. ಬೆಲ್ಟು ಸಡಿಲವಾಗಿ ಮಷೀನು ನಿಧಾನಕ್ಕೆ ತಿರುಗುತ್ತಿತ್ತು. ಗಾಯಕ ಭರ್ಜರಿ ಊಟ ಹೊಡೆದು, ನಿದ್ದೆಗಣ್ಣಲ್ಲಿ ಹಾಡಿದಂತೆ ಕೇಳುತ್ತಿತ್ತು. ಮಾಮ ಹಲ್ಲು ಕಚ್ಚಿ ಕೂರುತ್ತಿದ್ದ. ಕಂಡಕ್ಟರಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಮಾಮನ ಜೊತೆಯಲ್ಲೇ ಇದ್ದ ತಂಗಿಗೆ ಎಲ್ಲ ಅರ್ಥವಾಗಿತ್ತು. "ಅಣ್ಣ, ಮದುವೆ ಅನ್ನೋ ಬಸ್ಸು ಒಂದು ಸಲ ತಪ್ಪಿಸ್ಕೊಂಡಿದೀಯ. ಈಗ ಬಂದಿರೋದು ಕೊನೇ ಬಸ್ಸು. ಬಾಯಿಬಿಟ್ಟು ಕೇಳಿಬಿಡು, ಒಟ್ಟಿಗೆ ಇರೋಣ ಅಂತ."

"ಅವರು ಬೇಡ ಅಂದ್ರೆ?"

"ಅಂದ್ರೆ ಅಂದ್ರು. ಭಾನುವಾರದ ಟೀ ಉಳಿಯುತ್ತೆ."

ಟೀ ಕೂಡ ಉಳಿಯದಿದ್ದರೆ ಎಂಬುದೇ ಮಾಮನ ಭಯ.

ಅಷ್ಟರಲ್ಲಿ ಆ ಬೆಲ್ಟು ಕಿತ್ತುಹೋಯಿತು. ಕಂಡಕ್ಟರಮ್ಮ ಮಷೀನನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಾನೇ ಹೊತ್ತು ತಂದಳು. "ಹಾಡೋ ಹಾಗೆ ಮಾಡಿಕೊಡಿ, ಸಾಕು" ಎಂದಳು. ಮಾಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹೊಸ ಬೆಲ್ಟು ಹಾಕಿದ, ಮೋಟಾರಿಗೆ ಎಣ್ಣೆ ಬಿಟ್ಟ, ವೇಗ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಹೊಂದಿಸಿದ. ಭಾನುವಾರ ಒಗೆದ ಅಂಗಿ ತೊಟ್ಟು ಹೊರಟ. ಹಾಡು ಮುಗಿದ ಕೂಡಲೇ ಕೇಳುವುದೆಂದು ನಿಶ್ಚಯವಾಗಿತ್ತು.

ಹಾಡು ಶುರುವಾಯಿತು. ಗಾಯಕನಿಗೆ ಇಪ್ಪತ್ತು ವರ್ಷ ಕಡಿಮೆಯಾದಂತಿತ್ತು. ತಬಲಾ ಟಕಟಕನೆ ಕುಣಿಯಿತು.

"ನೋಡಿ, ಅವರು ನಿಜವಾಗ್ಲೂ ಹಾಡಿದ್ದು ಹೀಗೆ! ಇಷ್ಟು ದಿನ ನೀವು ಕೇಳಿದ್ದು ಹಾಡೇ ಅಲ್ಲ" ಎಂದ ಮಾಮ.

ಕಂಡಕ್ಟರಮ್ಮನ ಮುಖ ಸಪ್ಪಗಾಯಿತು. "ತುಂಬಾ ಚೆನ್ನಾಗಿದೆ. ನಿಮಗೆ ತೊಂದರೆ ಕೊಟ್ಟೆ" ಎಂದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ನಲ್ಲಿ ನೀರಿನ ಸದ್ದು ಬರುತ್ತಲೇ ಇತ್ತು. ಕೊನೆಗೆ ಬಂದ ಟೀಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದಳು. "ಮುಂದಿನ ವಾರ ನಾನಿರಲ್ಲ" ಎಂದಳು. ಮಾಮ ಕೇಳಲೆಂದು ಬಂದ ಮಾತನ್ನು ಟೀಯ ಜೊತೆಗೇ ನುಂಗಿಕೊಂಡು ಎದ್ದ.

ಮುಂದಿನ ಭಾನುವಾರ ಮನೆಯಲ್ಲಿ ಕೂರಲಾಗದೆ ಸುಮ್ಮನೆ ಆ ಬೀದಿಯಲ್ಲಿ ಹಾದುಹೋದ. ಹಾಗಂತ ಅವನೇ ತನಗೆ ಹೇಳಿಕೊಂಡದ್ದು. ಇರಲ್ಲ ಎಂದವಳ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಾಡು ತೊದಲುತ್ತಿತ್ತು, ಎಳೆಯುತ್ತಿತ್ತು, ಮತ್ತೆ ಮುಗ್ಗರಿಸುತ್ತಿತ್ತು. ತನ್ನ ರಿಪೇರಿ ಕೈಕೊಟ್ಟಿತೆಂದುಕೊಂಡು ಮಾಮ ಇಣುಕಿದ. ಕಂಡಕ್ಟರಮ್ಮ ಮಷೀನಿನ ಪಕ್ಕ ನೆಲದ ಮೇಲೆ ಕೂತು, ತಿರುಗುವ ತಟ್ಟೆಯ ಅಂಚಿಗೆ ಬೆರಳೊತ್ತಿ ಅದನ್ನು ನಿಧಾನ ಮಾಡಲು ಹೆಣಗುತ್ತಿದ್ದಳು. ಬೆರಳ ತುದಿ ಕೆಂಪಾಗಿತ್ತು.

"ಏನ್ಮಾಡ್ತಿದೀರಿ? ಮೋಟಾರು ಸುಟ್ಟುಹೋಗುತ್ತೆ!"

ಸಿಕ್ಕಿಬಿದ್ದ ಮಗುವಿನಂತೆ ಆಕೆ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ನಿಧಾನಕ್ಕೆ ಹೇಳಿದಳು. "ನಮ್ಮನೆಯವರದ್ದು ಡೀಸೆಲ್ ಇಂಜಿನ್ನಿನ ಥರ ಗಡಸು ಗಂಟಲು. ಹಾಡೋ ಆಸೆ ಬೇಕಾದಷ್ಟು. ಆದ್ರೆ ಯಾವ ಹಾಡೂ ನಿಲುಕ್ತಿರಲಿಲ್ಲ, ಬಸ್ಸಲ್ಲಿ ಜನ ನಗೋರು. ಈ ಮಷೀನು ನಿಧಾನ ಆದ್ಮೇಲೆ ಹಾಡು ಅವರ ಗಂಟಲಿಗೆ ಇಳೀತು ನೋಡಿ. ದಿನಾ ಡ್ಯೂಟಿ ಮುಗಿಸಿ ಬಂದು ಜೊತೆಗೆ ಹಾಡೋರು. ರಿಪೇರಿ ಮಾಡ್ಸೋಕೆ ಬಿಡಲೇ ಇಲ್ಲ. ಈಗ ನೀವು ಸರಿ ಮಾಡಿದೀರಿ, ನಿಮ್ಮ ತಪ್ಪೇನಿಲ್ಲ. ಆದ್ರೆ ಅವರ ಧ್ವನಿ ಈ ಹಾಡಲ್ಲಿ ಕೂರ್ತಾ ಇಲ್ಲ. ನನಗೆ ನೆನಪೇ ಬರ್ತಿಲ್ಲ."

ಮಾಮನಿಗೆ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಕೆಟ್ಟಿದ್ದನ್ನು ಸರಿಪಡಿಸಿದೆನೆಂದು ಎದೆಯುಬ್ಬಿಸಿದ್ದವನು ಸತ್ತ ಮನುಷ್ಯನ ಗಂಟಲನ್ನೇ ಕಟ್ಟಿಹಾಕಿದ್ದ.

ಅಂಗಡಿಗೆ ಓಡಿ ಸಾಮಾನಿನ ಚೀಲ ತಂದ. ಮಷೀನು ಬಿಚ್ಚಿ, ಬೆಲ್ಟು ಸುತ್ತುವ ಮೋಟಾರಿನ ಹಿತ್ತಾಳೆ ಗಾಲಿಯನ್ನು ಹೊರತೆಗೆದ. ಅದು ತೆಳ್ಳಗಾದಷ್ಟೂ ತಟ್ಟೆ ನಿಧಾನ ತಿರುಗುತ್ತದೆ. ಒಳ್ಳೆಯ ಗಾಲಿಯ ಮೇಲೆ ಉಜ್ಜುವ ಅರ ಇಟ್ಟವನು ಒಮ್ಮೆ ಹಿಂದಕ್ಕೆ ತೆಗೆದ, ಜೀವಮಾನದಲ್ಲಿ ಬೇಕೆಂದೇ ಏನನ್ನೂ ಕೆಡಿಸಿದವನಲ್ಲ. ಅದರ ಜೊತೆಗೆ ಸಣ್ಣ ಅಸೂಯೆಯೂ ಇತ್ತು. ಈ ಮನೆಯಲ್ಲಿ ತನಗೊಂದು ಜಾಗ ಸಿಕ್ಕೀತೆಂದು ಆಸೆಪಟ್ಟವನು, ಈಗ ಆಕೆಯ ಗಂಡನನ್ನು ಕೈಹಿಡಿದು ಕರೆತಂದು ಕೂರಿಸುತ್ತಿದ್ದ. ಆದರೂ ಉಜ್ಜಿದ.

ಸ್ವಲ್ಪ ಉಜ್ಜುವುದು, ಜೋಡಿಸುವುದು, ಹಾಡಿಸುವುದು. "ಇನ್ನೂ ಸ್ವಲ್ಪ" ಎನ್ನುತ್ತಿದ್ದಳು ಕಂಡಕ್ಟರಮ್ಮ. ಮತ್ತೆ ಬಿಚ್ಚುವುದು. "ಇನ್ನೊಂಚೂರು." ಎಲ್ಲಿ ನಿಲ್ಲಬೇಕೆಂದು ಅವನ ಯಾವ ಅಳತೆಗೂ ಗೊತ್ತಿರಲಿಲ್ಲ, ಆಕೆಯ ಕಿವಿಗೆ ಮಾತ್ರ ಗೊತ್ತಿತ್ತು.

ಒಮ್ಮೆ ಆಕೆ ಏನೂ ಹೇಳಲಿಲ್ಲ. ಮಾಮ ತಲೆಯೆತ್ತಿ ನೋಡಿದ. ಆಕೆಯ ಕಣ್ಣು ಮುಚ್ಚಿತ್ತು, ಕೆನ್ನೆ ಒದ್ದೆಯಾಗಿತ್ತು, ಯಾರಿಗೋ ಜೊತೆ ಕೊಡುವಂತೆ ತುಟಿ ಅಲ್ಲಾಡುತ್ತಿತ್ತು. ಸಾಮಾನನ್ನು ಸದ್ದಾಗದಂತೆ ಚೀಲಕ್ಕೆ ತುಂಬಿ ಮಾಮ ಬಾಗಿಲ ಕಡೆ ನಡೆದ. ಗಂಡ ಹೆಂಡತಿಯ ನಡುವೆ ತನಗೇನು ಕೆಲಸ?

"ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ. ಕೇಳೋಕೆ ಜನ ಇದ್ರೇನೇ ಅವರಿಗೆ ಹಾಡೋಕೆ ಹುರುಪು."

ಮಾಮ ಮರಳಿ ಕೂತ. ಹಾಡು ಎರಡನೇ ಚರಣಕ್ಕೆ ಬಂದಾಗ, ಏನು ತೋಚಿತೋ, ತಾನೂ ದನಿಗೂಡಿಸಿದ. ಅವನದು ಪೀಚು ಗಂಟಲು, ಅಷ್ಟು ಕೆಳಗೆ ಇಳಿಯಲಾಗದೆ ಕೀರಲಾಯಿತು. ಕಂಡಕ್ಟರಮ್ಮ ಅಳುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ಬೇಡ ಬಿಡಿ. ಇದು ನಿಮ್ಮ ಗಂಟಲಿಗೆ ಹೊಂದಲ್ಲ."

"ಗೊತ್ತಿದೆ" ಎಂದ ಮಾಮ. ತಾನು ಕೇಳದೆ ಉಳಿದ ಪ್ರಶ್ನೆಗೆ ಇದೇ ಉತ್ತರವೆಂದುಕೊಂಡ. ತನಗೆ ತಾನೇ ಸಮಾಧಾನ ಹೇಳಿಕೊಳ್ಳಲೂ ಶುರುಮಾಡಿದ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ನೋಡಿದಳು. "ನಿಮ್ಮ ಗಂಟಲಿಗೆ ಹೊಂದೋ ಮಷೀನು ಒಂದು ತಂದು ಅಲ್ಲಿಡಿ. ಒಂದೇ ಮನೇಲಿ ಎರಡಿರಬಾರದು ಅಂತೇನಿಲ್ಲ."

ಮಾಮ ಚೀಲವನ್ನು ಪಕ್ಕಕ್ಕೆ ಸರಿಸಿದ. "ಮುಂದಿನ ಭಾನುವಾರ ತರ್ಲಾ?"

"ನೀವಾಗಿ ಕೇಳ್ತೀರಿ ಅಂತ ಕಾದೂ ಕಾದೂ ನನಗೆ ಸಾಕಾಗಿದೆ. ನಾಳೆನೇ ತನ್ನಿ" ಎಂದಳು ಕಂಡಕ್ಟರಮ್ಮ. "ಬರೋವಾಗ ಬಟ್ಟೆಬರೆನೂ ತಂದ್ಬಿಡಿ."